ಅಂಟಕ್ಕ ಬೇಯಿಸಿದ ನೂಡಲ್ಸ್

ಅವಳು ಮೊದಲು ಬಿಟ್ಟದ್ದು ಹಾಲು.

ಬೆಳಗಿನ ತಿಂಡಿಗೆಂದು ಡಬ್ಬಿಯಲ್ಲಿ ಮಾರುತ್ತಾರಲ್ಲ, ಜೋಳದ ಗರಿಗರಿ ಚಕ್ಕೆ, ಅದರ ಜಾಹೀರಾತಿಗೆ ಫೋಟೋ ತೆಗೆಯುತ್ತಿದ್ದರು. ಹಾಲು ಸುರಿದರೆ ಚಕ್ಕೆಗಳು ನೋಡುನೋಡುತ್ತಿದ್ದಂತೆ ನೆನೆದು ತಳ ಸೇರುತ್ತಿದ್ದವು. ದೀಪ ಸರಿಮಾಡಿ, ಕ್ಯಾಮೆರಾ ಸರಿಮಾಡಿ, ಕಂಪನಿಯವನು ಬಂದು ತಲೆ ಓರೆ ಮಾಡಿ ನೋಡಿ ‘ಹೂಂ’ ಅನ್ನುವಷ್ಟರಲ್ಲಿ ಬಟ್ಟಲಲ್ಲಿ ಬರೀ ಗಂಜಿ. ಕೊನೆಗೆ ಅವಳು ಹಾಲನ್ನು ಪಕ್ಕಕ್ಕಿಟ್ಟು, ಬಡಗಿಗಳು ಮರ ಅಂಟಿಸಲು ಬಳಸುವ ಬಿಳಿ ಅಂಟನ್ನು ಬಟ್ಟಲಿಗೆ ಸುರಿದಳು. ಅಂಟು ಹಾಲಿಗಿಂತಲೂ ಹಾಲಿನ ಹಾಗಿತ್ತು. ಚಕ್ಕೆಗಳು ಅದರ ಮೇಲೆ ಮದುಮಕ್ಕಳ ಹಾಗೆ ಕದಲದೆ ಕೂತವು. ಎಲ್ಲರೂ ಭಲೇ ಅಂದರು. ಅವತ್ತಿನಿಂದ ಸ್ಟುಡಿಯೋದಲ್ಲಿ ಅವಳ ಹೆಸರು ಅಂಟಕ್ಕ ಎಂದೇ ಆಯಿತು.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಲೋಟಕ್ಕೆ ಹಾಲು ಬಗ್ಗಿಸಿದಳು. ಅದು ಲೋಟದ ಅಂಚಿಗೆ ತೆಳ್ಳಗೆ ಹತ್ತಿಕೊಂಡು ನಿಧಾನವಾಗಿ ಇಳಿಯಿತು. ಮೂಗಿನೊಳಗೆ ಅಂಟಿನ ಹುಳಿ ವಾಸನೆ ಎಲ್ಲಿಂದಲೋ ಬಂದು ಕೂತಿತು. ಲೋಟವನ್ನು ಅತ್ತೆಯ ಕಡೆ ಸರಿಸಿ ಎದ್ದುಹೋದಳು. ಹಾಲಿನ ಋಣ ಅಲ್ಲಿಗೆ ತೀರಿತು.

ಅಂಟಕ್ಕನ ಕೆಲಸವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ತಿನ್ನಲಾರದ್ದನ್ನು ಬಾಯಲ್ಲಿ ನೀರೂರುವ ಹಾಗೆ ಮಾಡುವುದು. ಮೊದಲು ಅವಳು ಒಂದು ಬೇಕರಿಯಲ್ಲಿದ್ದಳು. ಗಾಜಿನ ಕಪಾಟಿನಲ್ಲಿ ತೋರಿಕೆಗೆ ಇಡುವ ಮೂರಂತಸ್ತಿನ ಕೇಕುಗಳನ್ನು ಮಾಡುತ್ತಿದ್ದವಳು ಅವಳೇ. ಒಳಗೆ ಥರ್ಮೋಕೋಲು, ಮೇಲೆ ಸಕ್ಕರೆಯ ಲೇಪ. ನೊಣಗಳೂ ಮೋಸಹೋಗಿ ಬಂದು ಕೂರುತ್ತಿದ್ದವು. ಬ್ರೆಡ್ಡು ಕೊಳ್ಳಲು ಬಂದ ಫೋಟೋಗ್ರಾಫರ್ ಒಬ್ಬ ಅದನ್ನು ನೋಡಿ, “ಇದನ್ನ ಮಾಡಿದೋರು ಯಾರು?” ಎಂದು ಕೇಳಿದ. ಅವನಿಗೊಂದು ಸ್ಟುಡಿಯೋ ಇತ್ತು. ತಿನ್ನುವ ಪದಾರ್ಥಗಳ ಜಾಹೀರಾತಿನ ಚಿತ್ರ ತೆಗೆಯುವುದೇ ಅವನ ದಂಧೆ. ಹೀಗೆ ಅಂಟಕ್ಕ ಬೇಕರಿಯ ಹಿಟ್ಟಿನ ಧೂಳಿನಿಂದ ಸ್ಟುಡಿಯೋದ ಬಿಸಿ ದೀಪಗಳ ಕೆಳಗೆ ಬಂದಳು.

ಹುಡುಗಿಯಾಗಿದ್ದಾಗ ಅವಳು ಪಾತ್ರೆಯ ತಳ ಕೆರೆದು ನೆಕ್ಕುತ್ತಿದ್ದವಳು. ಬೇಡ ಅಂದದ್ದೇ ಇಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಒಂದೇ ತಟ್ಟೆಗೆ ಕೈ ಹಾಕಿ, ಕೊನೆಯ ತುತ್ತಿಗೆ ಕಿತ್ತಾಡುತ್ತಿದ್ದರಂತೆ. ಅಂಥವಳು ಈಗ ಒಂದೊಂದನ್ನೇ ಬಿಡುತ್ತಾ ಬಂದಳು. ಹಸಿ ಕೋಳಿಯ ಚರ್ಮದೊಳಗೆ ಕಾಗದ ತುರುಕಿ ಉಬ್ಬಿಸಿ, ಹೊಲಿದು, ಮೇಲೆ ಬೂಟಿನ ಪಾಲಿಶ್ ತಿಕ್ಕಿ, ಕಾಯಿಸಿದ ಕಬ್ಬಿಣದ ಸರಳಿನಿಂದ ಅಲ್ಲಲ್ಲಿ ಬರೆ ಎಳೆದಳು. ಚಿತ್ರದಲ್ಲಿ ಅದು ಆಗಷ್ಟೇ ಒಲೆಯಿಂದ ಇಳಿದ ಹಾಗಿತ್ತು. ದೀಪದ ಕಾವಿಗೆ ಸಂಜೆಯ ಹೊತ್ತಿಗೆ ಆ ಕೋಳಿಯಿಂದ ಎದ್ದ ನಾತ ಅವಳ ಸೀರೆಗೆ, ಕೂದಲಿಗೆ, ಉಗುರಿನ ಸಂದಿಗೆ ಹತ್ತಿಕೊಂಡು ಮನೆಯವರೆಗೂ ಬಂತು. ಮಾಂಸ ಹೋಯಿತು. ಐಸ್‌ಕ್ರೀಮ್ ಎಂದು ತೋರಿಸುವುದು ಹಿಸುಕಿದ ಆಲೂಗಡ್ಡೆಗೆ ಬಣ್ಣ ಕಲಸಿದ ಉಂಡೆ; ಐಸ್‌ಕ್ರೀಮಿನ ಜೊತೆಗೆ ಆಲೂಗಡ್ಡೆಯೂ ಹೋಯಿತು. ಕಾಫಿಯ ಮೇಲಿನ ನೊರೆ ಪಾತ್ರೆ ತೊಳೆಯುವ ಸೋಪಿನದ್ದು. ಜೇನುತುಪ್ಪ ಎಂದು ಬ್ರೆಡ್ಡಿನ ಮೇಲೆ ದಾರದಂತೆ ಇಳಿಯುವುದು ಎಂಜಿನ್ ಆಯಿಲ್.

ಆ ಎಂಜಿನ್ ಆಯಿಲನ್ನು ಸೀಸೆಯಲ್ಲಿ ತುಂಬಿ ತಂದುಕೊಡುತ್ತಿದ್ದವನು ಅವಳ ಗಂಡನೇ. ಅವನು ಬಸ್ ಡಿಪೋದಲ್ಲಿ ಬ್ರೇಕ್ ರಿಪೇರಿಯ ಮೆಕ್ಯಾನಿಕ್. ಅಗಲ ಭುಜ, ಅಗಲ ಬಾಯಿ. ಊಟಕ್ಕೆ ಕೂತರೆ ಸುತ್ತಲಿನವರಿಗೂ ಹಸಿವಾಗಬೇಕು, ಹಾಗೆ ಉಣ್ಣುವವನು. ಹೆಂಡತಿ ತಟ್ಟೆಯ ಮುಂದೆ ಮುಖ ಸಿಂಡರಿಸಿಕೊಂಡು ಬಿಳಿ ಅನ್ನದ ಅಗುಳನ್ನು ಒಂದೊಂದಾಗಿ ತಿರುಗಿಸಿ ನೋಡುವುದನ್ನು ಅವನು ಒಂದಷ್ಟು ಕಾಲ ತಮಾಷೆ ಮಾಡಿದ. ಆಮೇಲೆ ರೇಗಿದ.

“ಹಸಿವು ಏನೂಂತ ಗೊತ್ತಿದ್ದೋರು ಹಿಂಗಾಡಲ್ಲ. ಇದು ಸೊಕ್ಕು.”

“ಸೊಕ್ಕಲ್ಲ ರೀ, ಹೇಸಿಗೆ. ನೀವು ಒಂದಿನ ಬಂದು ಅಲ್ಲಿ ನಿಂತ್ಕೊಳ್ಳಿ, ಗೊತ್ತಾಗುತ್ತೆ.”

“ನಾನು ದಿನಾ ಗ್ರೀಸಲ್ಲಿ ಕೈ ಹಾಕ್ತೀನಿ. ಹಂಗಂತ ಊಟ ಬಿಟ್ಟಿದೀನಾ?”

“ನೀವು ಗ್ರೀಸನ್ನ ತುಪ್ಪ ಅಂತ ಯಾರಿಗೂ ತೋರ್ಸಲ್ವಲ್ಲ.”

ಅವನು ತಟ್ಟೆಯನ್ನು ಹತ್ತಿರ ಎಳೆದುಕೊಂಡು ಉಣ್ಣತೊಡಗಿದ. ಆದರೆ ಎದುರಿಗೊಬ್ಬಳು ಮೂಗು ಮುರಿದುಕೊಂಡು ಕೂತಿದ್ದರೆ ಉಣ್ಣುವವನ ಗಂಟಲಿಗೂ ತುತ್ತು ಸಲೀಸಾಗಿ ಇಳಿಯುವುದಿಲ್ಲ. ನಿಧಾನಕ್ಕೆ ಅವನು ಸಂಜೆಯ ಊಟವನ್ನು ಡಿಪೋ ಗೇಟಿನ ಪಕ್ಕದ ತಳ್ಳುಗಾಡಿಯಲ್ಲೇ ಮುಗಿಸಿಕೊಂಡು ಬರತೊಡಗಿದ. ಮನೆಯಲ್ಲಿ ಉಳಿದವಳು ಅತ್ತೆ. ಬಾಯಲ್ಲಿ ನಾಲ್ಕೋ ಐದೋ ಹಲ್ಲು, ಆದರೆ ಆಕೆ ತಿನ್ನದ ಪದಾರ್ಥವೇ ಇರಲಿಲ್ಲ. ನಿನ್ನೆಯದು, ಮೊನ್ನೆಯದು, ತಳ ಹತ್ತಿದ್ದು, ಉಪ್ಪು ಹೆಚ್ಚಾದದ್ದು ಎಲ್ಲವೂ ಆಕೆಗೆ ಸೈ. ಸೊಸೆ ಮಾಡುವ ಅಡುಗೆಯೆಂದರೆ ಮೂಗು ಒಂದು ಕಡೆ, ಕೈ ಒಂದು ಕಡೆ. ರುಚಿ ನೋಡದೆ ಅಂದಾಜಿಗೆ ಉಪ್ಪು ಹಾಕುತ್ತಿದ್ದಳು. ಅತ್ತೆ ಒಂದು ದಿನವೂ ಕೊಸರಾಡಲಿಲ್ಲ. “ನಾಲಿಗೆ ಕೇಳಿದ್ದನ್ನೆಲ್ಲ ಕೊಡೋಕೆ ನಾನೇನು ಅದರ ಆಳಾ?” ಎನ್ನುತ್ತಿದ್ದಳು.

ನೂಡಲ್ಸಿನ ಕೆಲಸ ಬಂದದ್ದು ಇಂಥ ಹೊತ್ತಿನಲ್ಲಿ.

ಒಂದು ನೂಡಲ್ಸ್ ಕಂಪನಿ ಹೊಸ ಪೊಟ್ಟಣ ಹೊರತರುತ್ತಿತ್ತು. ಟೊಮೆಟೊ, ಕಾಮಕಸ್ತೂರಿ ಎಲೆ ಹಾಕಿ ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಬಹುದಾದ ನೂಡಲ್ಸ್ ಎಂಬುದು ಅವರ ಮಾತು. ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಆ ಅಡುಗೆಯ ಚಿತ್ರ ತೆಗೆಯಲು ಸ್ಟುಡಿಯೋದಲ್ಲಿ ಇಡೀ ವಾರ ಹಿಡಿಯಿತು. ಕಂಪನಿಯ ಕಡೆಯಿಂದ ಬಂದವನು ತೆಳ್ಳಗಿನ ಮನುಷ್ಯ, ಸೆಂಟಿನ ವಾಸನೆಯವನು. ಎಲ್ಲದಕ್ಕೂ ‘ಇನ್ನೂ ತಾಜಾ ಕಾಣ್ಬೇಕು’ ಎನ್ನುವುದು ಅವನ ಒಂದೇ ರಾಗ.

ಅಂಟಕ್ಕ ನೂಡಲ್ಸನ್ನು ಅರೆಬೇಯಿಸಿ, ಎಳೆಎಳೆಯಾಗಿ ಬಿಡಿಸಿ, ಎಣ್ಣೆ ಸವರಿ, ಬಟ್ಟಲಲ್ಲಿ ಬೋರಲು ಹಾಕಿದ ಒಂದು ಪುಟ್ಟ ಲೋಟದ ಮೇಲೆ ಚಿಮಟದಿಂದ ಸುತ್ತಿದಳು. ಜಾರಿದಲ್ಲೆಲ್ಲ ಅಂಟು. ಟೊಮೆಟೊ ಹೋಳುಗಳಿಗೆ ಮರಕ್ಕೆ ಬಳಿಯುವ ವಾರ್ನಿಶ್, ಅದರ ಮೇಲೆ ನೀರಹನಿ ಕಾಣಲೆಂದು ಸಿರಿಂಜಿನಿಂದ ಬಿಟ್ಟ ಗ್ಲಿಸರಿನ್. ಕಾಮಕಸ್ತೂರಿ ಎಲೆ ದೀಪದ ಕಾವಿಗೆ ಕಪ್ಪಾಗಿ ಮುದುಡುತ್ತಿತ್ತು. ಪ್ರತಿ ಸಲವೂ ಹೊಸ ಎಲೆ ಆರಿಸಿ, ಕೂದಲಿಗೆ ಹೊಡೆಯುವ ಸ್ಪ್ರೇ ಹೊಡೆದು, ಹಿಂದಿನಿಂದ ಗುಂಡುಪಿನ್ನು ಚುಚ್ಚಿ ನಿಲ್ಲಿಸಬೇಕು. ಹಬೆಗೆ ಬಟ್ಟಲ ಹಿಂದೆ ಕುದಿನೀರಲ್ಲಿ ಅದ್ದಿದ ಹತ್ತಿ. ಆ ಹತ್ತಿ ಉಬ್ಬಿಕೊಂಡು, ನೂಡಲ್ಸಿನ ಪಿಷ್ಟ ಮೆತ್ತಿ ಲೋಳೆಯಾಗಿ, ಸತ್ತ ಪ್ರಾಣಿಯ ಹಾಗೆ ಬಿದ್ದಿರುತ್ತಿತ್ತು.

ಮೂರನೆಯ ದಿನ ಕಂಪನಿಯವನು ದೀಪದ ಕೆಳಗೆ ಬಗ್ಗಿ, “ಏನಕ್ಕಾ, ನೋಡಿದ್ರೆ ಹಸಿವಾಗುತ್ತೆ!” ಎಂದವನೇ ಟೊಮೆಟೊ ಮೇಲಿಂದ ಒಂದಿಷ್ಟು ಕೆಂಪು ರಸವನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡ. ಅಂಟಕ್ಕ ‘ಅಯ್ಯೋ’ ಅನ್ನುವಷ್ಟರಲ್ಲಿ ಬೆರಳು ಬಾಯೊಳಗಿತ್ತು. ಅವನು ಚಪ್ಪರಿಸಿದ. ಹುಬ್ಬು ಮೇಲೇರಿತು.

“ಸ್ವಲ್ಪ ಕಹಿ ಇದೆ ಅಲ್ವಾ?”

“ವಾರ್ನಿಶ್ ಸಾರ್ ಅದು.”

ಅವನು ಬಚ್ಚಲಿಗೆ ಓಡಿದ. ಅವನು ಕಾರಿಕೊಂಡ ಸದ್ದು ಇಡೀ ಸ್ಟುಡಿಯೋಗೆ ಕೇಳಿತು. ದೀಪದವನು, ಫೋಟೋಗ್ರಾಫರ್, ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂಟಕ್ಕನಿಗೆ ನಗು ಬರಲಿಲ್ಲ. ಒರೆಸಿಕೊಂಡು ಹೊರಗೆ ಬಂದವನು ಮತ್ತೆ ಅದೇ ಬಟ್ಟಲ ಮುಂದೆ ನಿಂತು, ಬಾಯಿಗೆ ಕರವಸ್ತ್ರ ಹಿಡಿದುಕೊಂಡೇ, “ಎಲೆ ಇನ್ನೂ ತಾಜಾ ಕಾಣ್ಬೇಕು” ಎಂದಾಗ ಅವಳಿಗೆ ಮೈಯೆಲ್ಲ ಮುಳ್ಳೆದ್ದಿತು. ಇವನಿಗೆ ಗೊತ್ತಿದ್ದೂ ಬೇಕು. ತನಗೆ ಗೊತ್ತಿದ್ದೂ ಮಾಡಬೇಕು. ಅಂದು ಮನೆಗೆ ಬಂದು ಅನ್ನವನ್ನೂ ಮುಟ್ಟಲಿಲ್ಲ. ಒಣ ಬ್ರೆಡ್ಡು ನೀರಲ್ಲಿ ಅದ್ದಿ ನುಂಗಿ ಮಲಗಿದಳು.

ಆ ಚಿತ್ರ ದೊಡ್ಡ ಬೋರ್ಡಾಗಿ ಊರ ತುಂಬ ನಿಂತಿತು. ಒಂದು ಬೋರ್ಡು ಬಸ್ ಡಿಪೋದ ಎದುರಿಗೇ. ಮನೆಯಷ್ಟು ದೊಡ್ಡ ಬಟ್ಟಲು, ಬಾಗಿಲಷ್ಟು ದೊಡ್ಡ ಎಲೆ. ಬಸ್ಸಿನಡಿಯಿಂದ ಈಚೆ ಬಂದು ಕಣ್ಣುಜ್ಜಿಕೊಂಡರೆ ಮೆಕ್ಯಾನಿಕ್ಕಿಗೆ ಮೊದಲು ಕಾಣುತ್ತಿದ್ದದ್ದು ಅದೇ. ಜೊತೆಯವರಿಗೆಲ್ಲ, “ನನ್ ಹೆಂಡ್ತಿ ಮಾಡಿದ್ದು” ಎಂದು ತೋರಿಸಿದ. “ನಿನ್ನ ಪುಣ್ಯ ಕಣಯ್ಯಾ, ಮನೇಲಿ ದಿನಾ ಇಂಥ ಊಟ” ಎಂದರು ಅವರು. ಅವನು ಹಲ್ಲು ಕಿರಿದ. ಸಂಜೆ ತಳ್ಳುಗಾಡಿಯ ಮುಂದೆ ನಿಂತು, ಆ ಬೋರ್ಡನ್ನೇ ನೋಡುತ್ತಾ, ಮೊಟ್ಟೆ ಹಾಕಿ ಹುರಿದ ಅನ್ನ ತಿಂದ.

ಹೀಗೆ ತಿನ್ನುತ್ತಿರುವಾಗ ಒಂದು ಸಂಜೆ ಅವನ ಬಾಯಿಗೆ ಏನೋ ಸಿಕ್ಕಿತು. ಈರುಳ್ಳಿ ಇರಬೇಕು ಅಂದುಕೊಂಡು ಅಗಿದ. ಈರುಳ್ಳಿ ಹಲ್ಲಿಗೆ ಸಿಕ್ಕರೆ ಹರಿಯುತ್ತದೆ, ಇದು ಹರಿಯಲಿಲ್ಲ. ಮೆತ್ತಗೆ, ನಾರುನಾರಾಗಿ ಒಳಗೊಳಗೇ ಜಾರಾಡಿತು. ಇನ್ನೂ ಎರಡು ಸಲ ಅಗಿದ, ರಸ ಹೀರಿದ. ಕೊನೆಗೆ ಬೆರಳು ಹಾಕಿ ತೆಗೆದು ನೋಡಿದ. ಗಾಯಕ್ಕೆ ಅಂಟಿಸುವ ಪಟ್ಟಿ. ಅಂಟಿನ ಬದಿಯಲ್ಲಿ ಅನ್ನದ ಅಗುಳು, ನಡುವಿನ ಹತ್ತಿಯಲ್ಲಿ ಕಂದು ಕಲೆ.

ತಳ್ಳುಗಾಡಿಯವನು ಬಗ್ಗಿ ನೋಡಿ, ತನ್ನ ಹೆಬ್ಬೆರಳನ್ನೊಮ್ಮೆ ನೋಡಿಕೊಂಡು, “ಅಯ್ಯೋ, ಅಲ್ಲಿತ್ತಾ! ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ ಅಣ್ಣಾ” ಎಂದ. ತಟ್ಟೆ ತೆಗೆದುಕೊಂಡು ಇನ್ನೊಂದು ಸೌಟು ಬಿಸಿ ಅನ್ನ ಹಾಕಿ, “ಇದು ಫ್ರೀ” ಎಂದು ಚಾಚಿದ. ಆ ಹೆಬ್ಬೆರಳು ತಟ್ಟೆಯ ಒಳಗಿತ್ತು.

ಮೆಕ್ಯಾನಿಕ್ ಮನೆಗೆ ಬಂದಾಗ ಅವನ ಮುಖ ಬೂದಿಯ ಬಣ್ಣಕ್ಕಿತ್ತು. ಬಚ್ಚಲಲ್ಲಿ ಅಷ್ಟು ಹೊತ್ತು ಬಾಯಿ ಮುಕ್ಕಳಿಸಿದ ಸದ್ದು ಕೇಳಿ ಅಂಟಕ್ಕ ಬಾಗಿಲ ಹತ್ತಿರ ಬಂದಳು.

“ಏನಾಯ್ತು ರೀ?”

ಅವನು ಹೇಳಿದ. ಹೇಳುತ್ತ ಹೇಳುತ್ತ ‘ರಸ ಹೀರಿದೆ’ ಅನ್ನುವಲ್ಲಿಗೆ ಬಂದಾಗ ಮತ್ತೆ ಬಚ್ಚಲಿಗೆ ಬಾಗಿದ. ಅಂಟಕ್ಕನೂ ಗೋಡೆ ಹಿಡಿದುಕೊಂಡಳು. ಒಳಗಿನಿಂದ ಅತ್ತೆ, “ಗಂಡ ಹೆಂಡ್ತಿ ಇಬ್ಬರಿಗೂ ಒಟ್ಟಿಗೇ ಬಂತೇನ್ರೋ?” ಎಂದು ಕೂಗಿದಳು.

ಅಂದಿನಿಂದ ಅವನ ಊಟ ನಿಂತಿತು. ಹಟ ಮಾಡಿದ್ದಲ್ಲ. ತುತ್ತು ಬಾಯಿಗೆ ಹೋದ ಕೂಡಲೇ ನಾಲಿಗೆ ತಾನಾಗಿಯೇ ಪಟ್ಟಿಯನ್ನು ಹುಡುಕತೊಡಗುತ್ತಿತ್ತು. ಅನ್ನದಲ್ಲಿ ಒಂದು ಅಗುಳು ಮೆತ್ತಗಾಗಿದ್ದರೆ ಸಾಕು, ಕಣ್ಣಲ್ಲಿ ನೀರು ತುಂಬಿಕೊಂಡು ಉಗುಳುತ್ತಿದ್ದ. ಹಾಲಿಲ್ಲದ ಟೀ, ಬಿಸ್ಕತ್ತು, ಸಿಪ್ಪೆ ಸುಲಿದ ಬಾಳೆಹಣ್ಣು. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಡಿಪೋದಲ್ಲಿ ಎತ್ತಿದ ಚಕ್ರವನ್ನು ಕೆಳಗೆ ಬೀಳಿಸಿದಾಗ ಮೇಸ್ತ್ರಿ ಅವನನ್ನು ಎರಡು ದಿನ ಮನೆಗೆ ಕಳಿಸಿದ.

ಆ ಎರಡು ದಿನದ ಮೊದಲನೆಯ ಬೆಳಿಗ್ಗೆ ಇಬ್ಬರೂ ಅಡುಗೆಮನೆಯ ಸ್ಟೂಲುಗಳ ಮೇಲೆ ಎದುರುಬದುರು ಕೂತಿದ್ದರು. ಮಧ್ಯೆ ಬಿಸ್ಕತ್ತಿನ ಪೊಟ್ಟಣ.

“ನೀನು ಇಷ್ಟು ವರ್ಷ ಹೆಂಗೆ ಬದುಕಿದ್ದೀಯೆ?” ಎಂದು ಅವನು ಕೇಳಿದ. ಕೀಟಲೆ ಇರಲಿಲ್ಲ, ನಿಜವಾಗಿ ಕೇಳಿದ್ದ.

“ಬದುಕಿದೀನಿ ಅಷ್ಟೇ.”

“ಸೊಕ್ಕು ಅಂದಿದ್ದೆ ನಾನು.”

“ಅಂದ್ರಿ. ಒಂದು ಸಲವೇನಲ್ಲ.”

ಅವನು ಬಿಸ್ಕತ್ತನ್ನು ಎರಡು ಮಾಡಿ, ಒಳಗೇನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ಅಂಟಕ್ಕನಿಗೆ ಕರುಳು ಚುರುಕ್ ಎಂದಿತು. ಅವಳೂ ದಿನಾ ಹಾಗೇ ಹಿಡಿದು ನೋಡುತ್ತಿದ್ದಳು, ಅದೇ ಕೋನದಲ್ಲಿ.

“ಏನಾದ್ರೂ ತಿನ್ಬೇಕು ಅನ್ಸುತ್ತಾ? ಯಾವುದಾದ್ರೂ ಸರಿ, ಹೇಳಿ.”

ಅವನು ಹೇಳಲೋ ಬೇಡವೋ ಎಂಬಂತೆ ತಲೆ ಕೆರೆದುಕೊಂಡ. “ಆ ಬೋರ್ಡಲ್ಲಿದೆಯಲ್ಲ, ಅದು.”

“ಥೂ! ಅದರಲ್ಲಿ ಏನೇನಿದೆ ಅಂತ ನಿಮಗೆ ಗೊತ್ತಿಲ್ವಾ? ವಾರ್ನಿಶ್ ಇದೆ. ಗುಂಡುಪಿನ್ ಇದೆ. ಒಬ್ಬ ಮನುಷ್ಯ ಅದನ್ನ ನೆಕ್ಕಿ ಕಾರ್ಕೊಂಡ.”

“ಗೊತ್ತು. ನೀನೇ ಹೇಳಿದೀಯಲ್ಲ. ಆದ್ರೂ ದಿನಾ ನೋಡಿ ನೋಡಿ ಆಸೆ ಆಗ್ಬಿಟ್ಟಿದೆ. ಹಂಗಾಗ್ಲಿ ಅಂತಾನೇ ತಾನೆ ನಿಂಗೆ ಸಂಬಳ ಕೊಡೋದು?”

ಅಂಟಕ್ಕ ಮುಖ ತಿರುಗಿಸಿದಳು. ಸಿಟ್ಟು ಬಂದದ್ದು ಅವನ ಮೇಲಲ್ಲ. ತನ್ನ ಕೈಯಾರೆ ಮಾಡಿದ ಆ ಕೊಳಕು ಬಟ್ಟಲು ಇಡೀ ಊರನ್ನು ಬಿಟ್ಟು ತನ್ನ ಗಂಡನಿಗೇ ಮಂಕುಬೂದಿ ಎರಚಿದೆಯಲ್ಲ ಎಂದು ಹೇಸಿಗೆಯಾಯಿತು. ಸ್ಟುಡಿಯೋದಲ್ಲಿ ಆ ವಾರವಿಡೀ ಎಷ್ಟು ಬಟ್ಟಲು ಮಾಡಿದ್ದಳೋ. ಅದರಲ್ಲಿ ಒಂದೂ ಬಾಯಿಗಿಡುವಂಥದ್ದಲ್ಲ. ಪೊಟ್ಟಣದ ಬೆನ್ನ ಮೇಲೆ ನಿಜವಾದ ಅಡುಗೆ ಮಾಡುವ ಬಗೆ ಅಚ್ಚಾಗಿತ್ತು. ಅದನ್ನು ಓದಿದ್ದಳೇ ಹೊರತು ಮಾಡಿ ನೋಡಿರಲಿಲ್ಲ.

“ಮಾಡ್ತೀನಿ,” ಎಂದಳು. “ಆದ್ರೆ ನೀವು ಇಲ್ಲೇ ಕೂತಿರ್ಬೇಕು. ಪಾತ್ರೆಗೆ ಬೀಳೋ ಪ್ರತಿಯೊಂದನ್ನೂ ನೋಡ್ಬೇಕು. ಆಮೇಲೆ ಅದಿತ್ತಾ ಇದಿತ್ತಾ ಅನ್ನಬಾರ್ದು.”

ಇಬ್ಬರೂ ಸೇರಿ ಸಂತೆಗೆ ಹೋದರು. ಅವನು ನೂಡಲ್ಸಿನ ಪೊಟ್ಟಣವನ್ನು ಬಿಸಿಲಿಗೆ ಹಿಡಿದು ಎಳೆಗಳ ನಡುವೆ ಇಣುಕಿದ. ಅವಳು ಟೊಮೆಟೊಗಳನ್ನು ಉಗುರಿನಿಂದ ಗೀರಿ ನೋಡಿದಳು. ಹೊಳಪು ಉಗುರಿಗೆ ಬರುತ್ತದೋ ಏನೋ ಎಂದು. ತರಕಾರಿಯವಳು ಸೊಂಟಕ್ಕೆ ಕೈಯಿಟ್ಟು, “ತಗೊಳ್ಳೋರಾ, ಇಲ್ಲ ಪೊಲೀಸಿನೋರಾ?” ಎಂದು ಕೇಳಿದಳು. ಒಂದು ಹಿಡಿ ಕಾಮಕಸ್ತೂರಿ, ಒಂದು ಗಡ್ಡೆ ಬೆಳ್ಳುಳ್ಳಿ ತೆಗೆದುಕೊಂಡು ಬಂದರು.

ಮನೆಯಲ್ಲಿ ಮೆಕ್ಯಾನಿಕ್ ಬಾಣಲೆಯನ್ನು ಕೈಗೆತ್ತಿಕೊಂಡು, ಬ್ರೇಕಿನ ಡ್ರಮ್ಮನ್ನು ಸವರಿ ನೋಡುವ ಹಾಗೆ ಒಳಗೆಲ್ಲ ಬೆರಳಾಡಿಸಿದ. ಉಗುರನ್ನು ಮೂಸಿದ. ಮತ್ತೊಮ್ಮೆ ತೊಳೆದ. ಅಂಟಕ್ಕ ನೀರು ಕುದಿಯಲು ಇಟ್ಟು, ಉಪ್ಪು ಹಾಕುವ ಮೊದಲು ಅಂಗೈ ಚಾಚಿ ತೋರಿಸಿದಳು. “ಉಪ್ಪು.” ಅವನು ತಲೆಯಾಡಿಸಿದ. ನೂಡಲ್ಸ್ ಮುರಿಯದೆ ಇಳಿಬಿಟ್ಟಳು. ಅದು ಮೆತ್ತಗಾಗಿ ಬಾಗಿ ನೀರೊಳಗೆ ಸುತ್ತಿಕೊಳ್ಳುವಾಗ ಇಬ್ಬರೂ ಬಗ್ಗಿ ನೋಡಿದರು. ನೀರಿನ ಮೇಲೆ ಬಿಳಿ ನೊರೆ ಬಂತು. ಸೋಪಿನ ನೆನಪಾಗಿ ಅವಳು ಕಣ್ಣು ಮುಚ್ಚಿಕೊಂಡಳು.

“ನೊರೆ,” ಎಂದ ಅವನು, ಅನುಮಾನದಿಂದ.

“ನೂಡಲ್ಸಿಂದೇ ರೀ ಅದು. ಹಿಟ್ಟಿನದು.”

ಇನ್ನೊಂದು ಒಲೆಯ ಮೇಲೆ ಬಾಣಲೆಗೆ ಎಣ್ಣೆ ಬಿಟ್ಟು, ತೆಳ್ಳಗೆ ಸೀಳಿದ ಬೆಳ್ಳುಳ್ಳಿ ಹಾಕಿದಳು. ಅದು ಚಿಟಪಟ ಎಂದು ಅಂಚು ಹೊಂಬಣ್ಣಕ್ಕೆ ತಿರುಗುವಾಗ ಹೆಚ್ಚಿದ ಟೊಮೆಟೊ ಸುರಿದಳು. ಟೊಮೆಟೊ ಕೂಡಲೇ ತನ್ನ ಅಂದ ಕಳೆದುಕೊಂಡಿತು. ಸಿಪ್ಪೆ ಬಿಟ್ಟು ಸುರುಳಿಯಾಯಿತು, ಬೀಜದ ಲೋಳೆ ಹೊರಗೆ ಬಂತು, ಹೋಳುಗಳೆಲ್ಲ ಕುಸಿದು ಕೆಂಪು ರಾಡಿಯಾಯಿತು. ಸ್ಟುಡಿಯೋದಲ್ಲಾಗಿದ್ದರೆ ಇದನ್ನು ನೇರ ಕಸದ ಡಬ್ಬಿಗೆ ಬಗ್ಗಿಸುತ್ತಿದ್ದಳು. ಸೌಟು ಗಂಡನ ಕೈಗೆ ತುರುಕಿ, ಸಿಂಕಿನ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದಳು. ಅವನು ಮೂತಿ ಸೊಟ್ಟಗೆ ಮಾಡಿಕೊಂಡು, ಕೈಯನ್ನು ಉದ್ದಕ್ಕೆ ಚಾಚಿ, ದೂರದಿಂದಲೇ ಕೆದಕುತ್ತಿದ್ದ.

“ಇದು ಬೋರ್ಡಲ್ಲಿ ಇದ್ದಂಗೆ ಇಲ್ಲ.”

“ಇರಲ್ಲ. ನಿಜವಾದ್ದು ಹಿಂಗೇ ಕೊಳಕಾಗಿ ಕಾಣೋದು.”

ಬೆಂದ ನೂಡಲ್ಸನ್ನು ಬಸಿದು ಬಾಣಲೆಗೆ ಹಾಕಿ, ಅದು ಬೆಂದ ನೀರನ್ನೇ ಒಂದು ಸೌಟು ಬಿಟ್ಟು ತಿರುವಿದಳು. ಕೊನೆಗೆ ಕಾಮಕಸ್ತೂರಿ. ಎಲೆಯನ್ನು ಹರಿಯುವ ಮೊದಲೇ ಅವಳ ಮೂಗು ಸ್ಪ್ರೇ ವಾಸನೆಗೆ ಸಿದ್ಧವಾಗಿತ್ತು. ಉಸಿರು ಬಿಗಿಹಿಡಿದು ಹರಿದಳು. ಉಸಿರು ಎಷ್ಟು ಹೊತ್ತು ಹಿಡಿಯಲಾದೀತು? ಬಿಟ್ಟಾಗ ಸೋಂಪಿನ ಹಾಗೆ, ಲವಂಗದ ಹಾಗೆ ಒಂದು ಘಾಟು ಮೂಗಿಗೆ ಹತ್ತಿತು. ಆ ವಾರವೆಲ್ಲ ಬುಟ್ಟಿಗಟ್ಟಲೆ ಈ ಎಲೆಯನ್ನು ಮುಟ್ಟಿದ್ದಳು, ಅದಕ್ಕೊಂದು ವಾಸನೆ ಇದೆಯೆಂದೇ ಗೊತ್ತಾಗಿರಲಿಲ್ಲ. ಹಿತವಾಯಿತೇ? ಇಲ್ಲ. ಹಿಂದೆಯೇ ಸ್ಪ್ರೇಯೂ ನೆನಪಾಗಿ ಮುಖ ಆಚೆ ತಿರುಗಿಸಿದಳು.

ಈಗ ಉಪ್ಪು ಸರಿಯಾಗಿದೆಯೇ ನೋಡಬೇಕು.

“ನೀವು ನೋಡಿ.”

“ನೀನು ಮಾಡಿದ್ದು, ನೀನು ನೋಡು.”

“ಆಸೆ ನಿಮ್ದು.”

“ಕೈ ನಿನ್ದು.”

ಸೌಟು ಅವಳಿಂದ ಅವನಿಗೆ, ಅವನಿಂದ ಅವಳಿಗೆ ಹೋಯಿತು, ಬಂತು. ಸೌಟಿನ ತುದಿಯಲ್ಲಿ ಒಂದೇ ಒಂದು ಎಳೆ ಜೋತಾಡುತ್ತಿತ್ತು. ಹೊತ್ತಾಗುತ್ತಿದ್ದಂತೆ ಅದರಿಂದ ರಸ ತೊಟ್ಟಿಕ್ಕಿ ನೆಲದ ಮೇಲೆ ಬಿತ್ತು. ಅಷ್ಟರಲ್ಲಿ ಬಾಗಿಲ ಬಳಿ ಅತ್ತೆ ಬಂದು ನಿಂತಿದ್ದಳು. ಎರಡು ಹೆಜ್ಜೆ ಮುಂದೆ ಬಂದು, ಬಗ್ಗಿ, ಆ ಎಳೆಯನ್ನು ತುಟಿಯಿಂದಲೇ ಹಿಡಿದು ಸುರ್ರನೆ ಒಳಗೆ ಎಳೆದುಕೊಂಡಳು.

“ಉಪ್ಪು ಕಮ್ಮಿ,” ಎಂದಳು. “ಇಬ್ಬರು ಚೆನ್ನಾಗಿ ಸಿಕ್ಕಿದೀರ ಒಬ್ಬರಿಗೊಬ್ಬರು. ನನಗೆ ಹಾಕಿಕೊಡು, ನೀವು ನಿಧಾನಕ್ಕೆ ಜಗಳ ಆಡಿ.”

ಅತ್ತೆ ಗೋಡೆಗೊರಗಿ ಕೂತು, ಇದ್ದ ನಾಲ್ಕೈದು ಹಲ್ಲಿನಲ್ಲೇ ನೂಡಲ್ಸನ್ನು ಚೀಪಿ ಚೀಪಿ ತಿಂದಳು. ಗಲ್ಲಕ್ಕೆ ಕೆಂಪು ರಸ ಇಳಿಯಿತು, ಸೆರಗಿನಿಂದ ಒರೆಸಿಕೊಂಡಳು, ಅದೇ ಸೆರಗಿನಿಂದ ಮೂಗನ್ನೂ ಒರೆಸಿಕೊಂಡಳು. ನೋಡಿದರೆ ಯಾರಿಗಾದರೂ ಹೇಸಿಗೆಯಾಗಬೇಕು. ಮೆಕ್ಯಾನಿಕ್ ಕಣ್ಣು ಕೀಳದೆ ನೋಡುತ್ತಿದ್ದ. ತಟ್ಟೆ ಖಾಲಿಯಾದಾಗ ಆಕೆ, “ಪಟ್ಟಿಗಿಟ್ಟಿ ಏನೂ ಸಿಗಲಿಲ್ಲಪ್ಪ” ಎಂದಳು.

ಅವನು ‘ಹೋ’ ಎಂದು ನಕ್ಕುಬಿಟ್ಟ. ಎಷ್ಟೋ ದಿನದ ಮೇಲೆ ನಕ್ಕದ್ದು. ನಗುತ್ತಲೇ ಒಂದು ತಟ್ಟೆಗೆ ಹಾಕಿಸಿಕೊಂಡು, ಮೊದಲ ತುತ್ತನ್ನು ಬಹಳ ಹೊತ್ತು ಬಾಯಲ್ಲಿ ಹೊರಳಾಡಿಸಿದ. ನಾಲಿಗೆ ಹುಡುಕುತ್ತಿರುವುದು ಕೆನ್ನೆಯ ಮೇಲೆ ಕಾಣುತ್ತಿತ್ತು. ಒಂದು ಕಡೆ ನಿಂತಿತು, ಅವನ ಕಣ್ಣು ದೊಡ್ಡದಾಯಿತು.

“ಏನೋ ಸಿಕ್ತು.”

“ಟೊಮೆಟೊ ಸಿಪ್ಪೆ ರೀ. ನೀವೇ ನೋಡಿದ್ರಲ್ಲ, ನಿಮ್ಮ ಕಣ್ಣ ಮುಂದೇನೇ ಹಾಕಿದ್ದು.”

ಅವನು ಕಣ್ಣು ಮುಚ್ಚಿ ನುಂಗಿದ. ಎರಡನೆಯದು ಸ್ವಲ್ಪ ಬೇಗ ಇಳಿಯಿತು. ಮೂರನೆಯದಕ್ಕೆ ಅವನು ಎಲೆಯನ್ನೂ ಸೇರಿಸಿ ಬಾಯಿಗಿಟ್ಟುಕೊಂಡು ಅಗಿಯತೊಡಗಿದ. ಬೆವರು ಹಣೆಯಿಂದ ಇಳಿಯುತ್ತಿತ್ತು, ಊಟ ಮಾಡುತ್ತಿದ್ದಾನೋ ಬಸ್ಸು ಎತ್ತುತ್ತಿದ್ದಾನೋ ಅನ್ನುವ ಹಾಗೆ. ಅರ್ಧ ತಟ್ಟೆ ಮುಗಿಸಿ, ಉಳಿದರ್ಧವನ್ನು ಅವಳ ಕಡೆ ತಳ್ಳಿದ.

“ನಾನೂ ಹುಡುಕಿದೀನಿ. ಏನೂ ಇಲ್ಲ. ತಿನ್ನು.”

ಅಂಟಕ್ಕ ಎಲೆಗಳನ್ನೆಲ್ಲ ಆರಿಸಿ ಬದಿಗಿಟ್ಟಳು. ಅದನ್ನು ಬಾಯಿಗಿಡುವುದು ಅವಳಿಂದಾಗದು. ಸಿಪ್ಪೆಗಳನ್ನೂ ತೆಗೆದಳು. ಉಳಿದದ್ದರಲ್ಲಿ ನಾಲ್ಕು ಎಳೆಗಳನ್ನು ಸುತ್ತಿ ನುಂಗಿದಳು. ಹುಳಿ, ಬಿಸಿ, ಬೆಳ್ಳುಳ್ಳಿ. ಉಪ್ಪು ನಿಜಕ್ಕೂ ಕಮ್ಮಿಯೇ. ವಾಕರಿಕೆ ಗಂಟಲ ತನಕ ಬಂದು, ಸ್ವಲ್ಪ ಹೊತ್ತು ಅಲ್ಲೇ ನಿಂತು, ಹಿಂದಕ್ಕೆ ಹೋಯಿತು. ಇನ್ನೊಂದು ತುತ್ತು ತೆಗೆದುಕೊಂಡಳು. ಗಂಡನಿಗೆ ಕಾಣದಿರಲೆಂದು ಕಿಟಕಿಯ ಕಡೆ ತಿರುಗಿ ಅಗಿದಳು, ಕಣ್ಣಲ್ಲಿ ನೀರಿತ್ತು. ಬೆಳ್ಳುಳ್ಳಿಯ ಖಾರಕ್ಕೋ ಬೇರೆ ಯಾವುದಕ್ಕೋ, ಯಾರೂ ಕೇಳಲಿಲ್ಲ.

ಆಮೇಲೆ ಎಲ್ಲವೂ ಸರಿಹೋಯಿತು ಎಂದು ಹೇಳುವಂತಿಲ್ಲ. ಅವಳು ಕೆಲಸ ಬಿಡಲಿಲ್ಲ. ಅವಳಿಗೆ ಗೊತ್ತಿರುವುದು ಅದೊಂದೇ. ಆದರೆ ಫೋಟೋಗ್ರಾಫರ್ ಬಳಿ ಹೋಗಿ, ಇನ್ನು ಮೇಲೆ ಮಾಂಸದ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದಳು. “ಅಂಟಕ್ಕಾ, ನೀನಿಲ್ಲದೆ ಕೋಳಿಗೆ ಜೀವ ಯಾರು ತುಂಬ್ತಾರೆ?” ಎಂದು ಅವನು ಗೋಗರೆದ. “ಸತ್ತಿರೋದನ್ನ ಸಾಯೋಕೆ ಬಿಡಿ” ಎಂದು ಹೇಳಿ ಬಂದಳು. ಈಗ ಹೆಚ್ಚಾಗಿ ಬಿಸ್ಕತ್ತು, ಚಾಕೊಲೇಟು, ಹಣ್ಣಿನ ರಸದ ಕೆಲಸ ಮಾಡುತ್ತಾಳೆ. ಅವೂ ಒಂದೊಂದಾಗಿ ಅವಳ ಬಾಯಿಂದ ದೂರವಾಗುತ್ತಿವೆ.

ಮೆಕ್ಯಾನಿಕ್ ಮತ್ತೆ ತಳ್ಳುಗಾಡಿಯ ಕಡೆ ಹೋಗಲಿಲ್ಲ. ಸಂಜೆ ನೇರ ಮನೆಗೆ ಬಂದು, ಸ್ಟೂಲು ಎಳೆದುಕೊಂಡು ಒಲೆಯ ಪಕ್ಕ ಕೂರುತ್ತಾನೆ. ಕಣ್ಣ ಮುಂದೆ ಬೆಂದದ್ದನ್ನು ಮಾತ್ರ ಇಬ್ಬರೂ ತಿನ್ನುತ್ತಾರೆ. ನೂಡಲ್ಸ್ ವಾರಕ್ಕೆರಡು ಸಲವಾದರೂ ಆಗುತ್ತದೆ. ಅವನಿಗೆ ಎಲೆ ಹಾಕಿ, ಅವಳಿಗೆ ಎಲೆ ಬಿಟ್ಟು. ಅತ್ತೆಗೆ ಮಾತ್ರ ಇದು ಸಾಕಾಗಿಹೋಗಿದೆ. “ಈ ಕೆಂಪು ಹುಳ ತಿಂದು ತಿಂದು ನನ್ನ ಹೊಟ್ಟೆಯೊಳಗೆ ಗಂಟುಬಿದ್ದಿದೆ” ಎಂದು ಬೈಯುತ್ತಾಳೆ.

ಮೊನ್ನೆ ಪಕ್ಕದ ಮನೆಯ ಟೈಲರಮ್ಮ ಒಂದು ಪಾತ್ರೆ ತಂದುಕೊಟ್ಟಳು. ಕುಂಬಳಕಾಯಿ ಬೇಯಿಸಿ ಮಾಡಿದ ಏನೋ, ಮೇಲೆ ತಟ್ಟೆ ಮುಚ್ಚಿತ್ತು. ಬಾಯ್ತುಂಬ ಉಪಚಾರದ ಮಾತಾಡಿ ಅವಳನ್ನು ಕಳಿಸಿದ ಮೇಲೆ ಗಂಡ ಹೆಂಡತಿ ಪಾತ್ರೆಯನ್ನು ಮೇಜಿನ ಮೇಲಿಟ್ಟು ಅದರ ಎದುರಿಗೆ ನಿಂತರು.

“ಅವಳ ಬಟ್ಟೆ ಹೊಲಿಯೋ ಮೇಜು, ಅಡುಗೆ ಮಾಡೋ ಮೇಜು ಎರಡೂ ಒಂದೇ,” ಎಂದಳು ಅಂಟಕ್ಕ ಮೆಲ್ಲಗೆ.

“ದಾರ ಇರಬಹುದು ಅಂತೀಯಾ?”

“ಸೂಜಿನೂ ಇರಬಹುದು.”

ಮೆಕ್ಯಾನಿಕ್ ಅಂಗಿಯ ತೋಳು ಮಡಚಿದ, ಮುಚ್ಚಿದ್ದ ತಟ್ಟೆ ತೆಗೆದ, ಚಮಚ ತೆಗೆದುಕೊಂಡು ಕುಂಬಳಕಾಯಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಾ ತಳದವರೆಗೆ ಜಾಲಾಡಿದ. ಅಂಟಕ್ಕ ಅವನ ಭುಜದ ಹಿಂದಿನಿಂದ ಇಣುಕುತ್ತಾ ಟಾರ್ಚು ಹಿಡಿದಳು.